ಸೊಟ್ಟ ದರ್ಬಾರು

ನಾನು ಓದು ಬಿಟ್ಟದ್ದು 1967ರಲ್ಲಿ, ಏಳನೆಯ ಕ್ಲಾಸಿನ ನಡುವೆ. ತಲೆಗೆ ಹತ್ತದೆ ಬಿಟ್ಟವನಲ್ಲ. ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡರು, ಮನೆಗೆ ದುಡಿಯುವ ಕೈ ಬೇಕಾಗಿತ್ತು. ಆದ್ದರಿಂದ ಈ ಬರವಣಿಗೆಯಲ್ಲಿ ಕೊರತೆ ಕಂಡರೆ ಬೈಯಿರಿ, ಬೈಸಿಕೊಂಡು ಅಭ್ಯಾಸವಿದೆ. ಕೆಲಸದ ವಿಷಯಕ್ಕೆ ಬಂದರೆ ಮಾತ್ರ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಗೇಯ್ದವರನ್ನು ತೋರಿಸಿ ನೋಡೋಣ.

ನನ್ನ ಕೆಲಸ ನಾಟಕದ ಪರದೆ ಬರೆಯುವುದು. ನಮ್ಮ ಕಡೆ ರೈತರೇ ಬಣ್ಣ ಹಚ್ಚಿಕೊಂಡು ಪೌರಾಣಿಕ ನಾಟಕ ಆಡುತ್ತಾರೆ. ಹಗಲೆಲ್ಲ ಕಬ್ಬು ಕಡಿದವನು ಸಂಜೆ ಕಿರೀಟ ಇಟ್ಟುಕೊಂಡು ಹಾಡುತ್ತಾನೆ. ಅವನ ಬೆನ್ನ ಹಿಂದೆ ಇಳಿಯುವ ಅರಮನೆ, ಕಾಡು, ಹೊಳೆ, ರಾಜಬೀದಿ ಎಲ್ಲವೂ ಬಟ್ಟೆಯ ಮೇಲೆ ಬರೆದ ಚಿತ್ರಗಳು. ಅವನ್ನು ಬರೆದು ಊರೂರಿಗೆ ಬಾಡಿಗೆಗೆ ಕೊಡುತ್ತಿದ್ದೆ. ಪಾಂಡವಪುರದ ಹೊರಗೆ, ಬೆಲ್ಲ ಕಾಯಿಸುವುದನ್ನು ನಿಲ್ಲಿಸಿದ್ದ ಒಂದು ಆಲೆಮನೆಯೇ ನಮ್ಮ ಕಾರ್ಖಾನೆ. ಗೋಡೆಯ ಸಿಹಿ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಮೊದಮೊದಲು ಇರುವೆಗಳು ನಮ್ಮ ಅರಮನೆಯ ಮೇಲೂ ಹತ್ತುತ್ತಿದ್ದವು.

ಈಗ ಕಂಪ್ಯೂಟರಿನಲ್ಲಿ ಚಿತ್ರ ಮಾಡುವ, ರಂಗಸಜ್ಜಿಕೆ ಮಾಡುವ ಹುಡುಗ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ: "ನಾಲ್ಕು ಜನ ಕಲಾವಿದರನ್ನ ಒಂದೇ ಕಡೆ ಹೇಗೆ ಹಿಡಿದಿಟ್ಟಿರಿ?" ನಾನು ಹಿಡಿದಿಟ್ಟೆನೋ, ಅವರೇ ನನ್ನನ್ನು ಹಿಡಿದಿಟ್ಟರೋ, ಓದಿ ನೀವೇ ತೀರ್ಮಾನಿಸಿ.

ನನಗೆ ಕೆಲಸ ಕಲಿಸಿದವರು ಶ್ರೀರಂಗಪಟ್ಟಣದ ನರಸಿಂಹಾಚಾರ್ರು. ಸಿಟ್ಟಿನ ಮನುಷ್ಯ. ಪುಡಿ ಬಣ್ಣ ಬಟ್ಟೆಗೆ ಹಿಡಿಯಲೆಂದು ಕಲಸುವ ವಜ್ರದ ಅಂಟು ಹೆಚ್ಚಾದರೆ ಬೆರಳ ಗೆಣ್ಣಿಗೆ ಕುಂಚದ ಹಿಡಿಯಿಂದ ಬಡಿಯುತ್ತಿದ್ದರು. ಆದರೆ ಸಂಜೆ ಎಲ್ಲರ ಕುಂಚಗಳನ್ನೂ ಅವರೇ ಒಯ್ದು ಹೊಳೆಯಲ್ಲಿ ತೊಳೆಯುತ್ತಿದ್ದರು, ಬೇರೆಯವರಿಗೆ ಬಿಡುತ್ತಿರಲಿಲ್ಲ. ಯಾವ ಕುಂಚದ ಕೂದಲು ಹೇಗೆ ಸವೆದಿದೆ ಎಂದು ನೋಡಿದರೆ ಆ ದಿನ ಯಾರು ಮನಸ್ಸಿಟ್ಟು ಬರೆದರು, ಯಾರು ಸಿಡುಕಿನಲ್ಲಿ ತಿಕ್ಕಿದರು ಎಂದು ಅವರಿಗೆ ಗೊತ್ತಾಗುತ್ತಿತ್ತು.

ಪರದೆ ಮುಗಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ ತಮ್ಮ ಹೆಸರೊಂದನ್ನೇ ಬರೆಯುತ್ತಿದ್ದರು. ಒಂದು ಸಲ ಇಡೀ ಕಾಡನ್ನು ನಾನೇ ಬರೆದಿದ್ದೆ. ಮೂಲೆಯಲ್ಲಿ ಅವರ ಹೆಸರು ಬಿದ್ದಾಗ ನನ್ನ ಮುಖ ಊದಿಕೊಂಡಿತು. ಅವರು ನೋಡಿದರು.

"ಏನೋ, ನಿನ್ನ ಹೆಸರು ಬೇಕಾ?"

ಹೂಂ ಎಂದು ತಲೆಯಾಡಿಸಿದೆ.

"ಇದು ಹೊಗಳೋರಿಗೆ ಅಂತ ಬರೆಯೋದಲ್ಲ ಕಣೋ. ಬೈಯೋರಿಗೆ ವಿಳಾಸ. ಬೈಸಿಕೊಳ್ಳೋ ತಾಕತ್ತು ಬಂದಾಗ ಹೇಳು, ಬರೆಸ್ತೀನಿ."

ಆ ಮಾತು ಪೂರ್ತಿ ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ತೊಂಬತ್ತರ ಹೊತ್ತಿಗೆ ನನ್ನದೇ ಗುಂಪು ಆಗಿತ್ತು. ನಾನು ಮೇಸ್ತ್ರಿ. ಕಾಡು, ಹೊಳೆ, ಆಕಾಶ ಬರೆಯುವವನು ಕಿಕ್ಕೇರಿಯ ಸಿದ್ದರಾಜು, ಇನ್ನೂ ಮೂವತ್ತು ತುಂಬದವನು. ಕಂಬ, ಕಮಾನು, ರತ್ನಗಂಬಳಿ, ಚಿನ್ನದ ಗೆರೆ ಬರೆಯುವವರು ನಾಗಮಂಗಲದ ಖಾದರಣ್ಣ, ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ಜಟಕಾ ಗಾಡಿಗಳಿಗೆ ಹೂವು ಬರೆಯುತ್ತ ಬೆಳೆದ ಕೈ. ಬಟ್ಟೆ ಜೋಡಿಸಿ ಹೊಲಿಯುವವಳು ನನ್ನ ಹೆಂಡತಿ ಕೆಂಪಮ್ಮ. ಹೊಲಿಗೆಯ ಗೆರೆ ರಾಜನ ಮುಖದ ಹಿಂದೆ ಬಾರದ ಹಾಗೆ ಬಟ್ಟೆ ಕತ್ತರಿಸುವುದು ಅವಳಿಗೆ ಬಿಟ್ಟು ಇನ್ಯಾರಿಗೂ ಬರುತ್ತಿರಲಿಲ್ಲ.

ಸಿದ್ದರಾಜು ಬಂದ ಹೊಸದರಲ್ಲಿ ಶ್ರೀರಂಗಪಟ್ಟಣದ ಒಂದು ನಾಟಕ ಸಂಘಕ್ಕೆ ಹೊಳೆ ಬರೆಯಬೇಕಾಯಿತು. ಮನೆ ಬಾಗಿಲಿಗೆ ಕಾವೇರಿ ಇರುವವರಿಗೆ ಹೊಳೆ ಬರೆದುಕೊಡುವುದೆಂದರೆ ತಮಾಷೆಯಲ್ಲ. ಸಿದ್ದರಾಜು ಬರೆದ ನೀರು ಕೆರೆಯ ನೀರಿನ ಹಾಗೆ ಮಲಗಿತ್ತು. ನನಗೆ ತಡೆಯಲಾಗಲಿಲ್ಲ. ಅವನು ಊಟಕ್ಕೆ ಹೋದಾಗ ಕುಂಚ ತೆಗೆದುಕೊಂಡು ಬಂಡೆಗಳ ಪಕ್ಕ ನಾಲ್ಕು ಬಿಳಿ ಸುಳಿ ತಿರುಗಿಸಿದೆ. ಅವನು ಬಂದವನೇ ನೋಡಿ ಕೈಯಲ್ಲಿದ್ದ ಬಣ್ಣದ ಕರಟವನ್ನು ಕೆಳಗಿಟ್ಟ.

"ನೀನೇ ಬರ್ಕೊಂಡ್ಬುಡಣ್ಣ. ನಾನ್ ಯಾಕೆ?"

"ಚೆನ್ನಾಗ್ ಆಯ್ತೋ ಇಲ್ವೋ ಯೋಳು."

"ಚೆನ್ನಾಗೇ ಆಗದೆ. ಆದ್ರೆ ನಂದಲ್ಲ."

ಮಾರನೆಯ ದಿನ ಅವನನ್ನು ಬಸ್ಸು ಹತ್ತಿಸಿಕೊಂಡು ಹೊಳೆದಂಡೆಗೆ ಹೋದೆ. ಇಬ್ಬರೂ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಮಧ್ಯಾಹ್ನದವರೆಗೆ ನೀರು ನೋಡಿದೆವು. ಅವನು ವಾಪಸು ಬಂದು ನನ್ನ ಸುಳಿಗಳನ್ನು ಅಳಿಸಿ ತನ್ನ ಹೊಳೆ ಬರೆದ. ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಹೇಳಲು ನನಗೆ ಒಂದು ವಾರ ಬೇಕಾಯಿತು, ಆ ಮಾತು ಬೇರೆ. ಅಂದಿನಿಂದ ಒಂದು ನೇಮ ಮಾಡಿದೆ: ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಹೇಳದೆ ಕೇಳದೆ ಕುಂಚ ಇಡಕೂಡದು. ಮೇಸ್ತ್ರಿಯೂ ಇಡಕೂಡದು. ಈ ನೇಮವೇ ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸಿತು.

ತೊಂಬತ್ನಾಲ್ಕೋ ತೊಂಬತ್ತೈದೋ, ಯುಗಾದಿ ಕಳೆದಿತ್ತು. ಚಿನಕುರಳಿಯವರು ಹೊಸ ದರ್ಬಾರು ಪರದೆ ಬೇಕೆಂದರು. ಅವರ ಕಡೆಯ ಹಿರಿಯರು ಬೋರೇಗೌಡರು. ನಾಟಕದಲ್ಲಿ ರಾಜನ ಪಾತ್ರವೂ ಅವರದೇ. ಸುಗ್ಗಿ ಮುಗಿದಾಗಿನಿಂದ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಗಂಟಲು ಹರಿದುಕೊಂಡಿದ್ದರು.

ದರ್ಬಾರು ಬರೆಯುವುದಕ್ಕೆ ಒಂದು ಕ್ರಮವಿದೆ. ಸಿಂಹಾಸನದ ಹಿಂದೆ, ರಾಜನ ತಲೆ ಬರುವ ಎತ್ತರಕ್ಕೆ ಒಂದು ಮೊಳೆ ಹೊಡೆಯುತ್ತೇವೆ. ಅದಕ್ಕೆ ದಾರ ಕಟ್ಟಿ, ದಾರಕ್ಕೆ ನೀಲಿ ಪುಡಿ ಸವರಿ, ಎಳೆದು ಮಿಡಿದರೆ ಬಟ್ಟೆಯ ಮೇಲೆ ಗೆರೆ ಬೀಳುತ್ತದೆ. ನೆಲದ ಕಲ್ಲುಹಾಸು, ಕಂಬಗಳ ತಲೆ, ತೊಲೆ, ಎಲ್ಲದರ ಗೆರೆಯೂ ಆ ಮೊಳೆಗೇ ಹೋಗಿ ಸೇರಬೇಕು. ಆಗ ನೋಡುವವರ ಕಣ್ಣು ತಾನಾಗಿ ರಾಜನ ಮುಖಕ್ಕೆ ಹೋಗುತ್ತದೆ.

ಸಿದ್ದರಾಜು ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಹೊತ್ತು ಕಡಿಮೆ ಇತ್ತು. ಎಡ ಅರ್ಧ ನನಗೆ, ಬಲ ಅರ್ಧ ಖಾದರಣ್ಣನಿಗೆ ಎಂದು ಬಟ್ಟೆಯನ್ನು ಹಂಚಿದೆ. ನೇಮದಂತೆ ಅವರ ಅರ್ಧದ ಕಡೆ ನಾನು ತಲೆ ಹಾಕಲಿಲ್ಲ. ಕೊನೆಯ ಕಂಬದ ಬಣ್ಣ ಆರುತ್ತಲೇ ಸುತ್ತಿ ಟ್ರಾಕ್ಟರಿಗೆ ಹಾಕಿದೆವು. ಸುತ್ತುವ ಮುಂಚೆ ದೂರ ನಿಂತು ಒಮ್ಮೆ ನೋಡಬೇಕು ಎಂಬುದು ಆಚಾರ್ರು ಕಲಿಸಿದ ಮೊದಲ ಪಾಠ. ಅಂದು ನಾನು ನೋಡಲಿಲ್ಲ.

ಚಿನಕುರಳಿಯಲ್ಲಿ ಬೆಳಗ್ಗೆ ರಂಗದ ಮೇಲೆ ಒಂದೊಂದೇ ಪರದೆ ಇಳಿಸಿ ಪೂಜೆ ಮಾಡುವುದು ಪದ್ಧತಿ. ಊರು ಸೇರಿತ್ತು. ಕಾಡು ಇಳಿಯಿತು, ಚಪ್ಪಾಳೆ. ಬೀದಿ ಇಳಿಯಿತು, ಮತ್ತೆ ಚಪ್ಪಾಳೆ. ದರ್ಬಾರು ಇಳಿಯಿತು. ಚಪ್ಪಾಳೆ ಬರಲಿಲ್ಲ. ಎಡಗಡೆಯ ನೆಲ ಸರಿಯಾಗಿ ಸಿಂಹಾಸನಕ್ಕೆ ಬಂದು ಸೇರಿತ್ತು. ಬಲಗಡೆಯ ನೆಲ ಮೊಳೆಯಿಂದ ಎರಡು ಗೇಣು ಕೆಳಕ್ಕೆ ಹೋಗಿತ್ತು. ಇಡೀ ಅರಮನೆ ಒಂದು ಗಾಲಿ ಕಳಚಿದ ಗಾಡಿಯ ಹಾಗೆ ಬಲಕ್ಕೆ ವಾಲಿತ್ತು.

ಬೋರೇಗೌಡರು ಸೊಂಟದ ಮೇಲೆ ಕೈಯಿಟ್ಟು ತಲೆಯನ್ನು ಒಂದು ಕಡೆ ವಾಲಿಸಿ ನೋಡಿದರು.

"ಲೇ ಜವರಪ್ಪ, ಇದ್ರಾಗೆ ಕೂತ್ಕಂಡ್ರೆ ನಾನು ಉಳ್ಳೋಗಿ ಮೇಷ್ಟ್ರ ತೊಡೆ ಮೇಲ್ ಬೀಳ್ತೀನಿ ಕಣ್ಲಾ!"

ಜನ ಬಿದ್ದು ಬಿದ್ದು ನಕ್ಕರು. "ಗೌಡ್ರುನ್ನ ಅಗ್ಗ ಆಕಿ ಕಟ್ಬುಡಿ!" ಎಂದ ಒಬ್ಬ. "ಅರಮನೆಗೇ ಎಂಡ ಕುಡ್ಸವ್ರೆ" ಎಂದ ಇನ್ನೊಬ್ಬ. ಗೌಡರು ಮಾತ್ರ ನಗಲಿಲ್ಲ. ಅವರ ಕಣ್ಣು ತುಂಬಿಕೊಂಡಿದ್ದನ್ನು ನಾನು ಕಂಡೆ. ಅಷ್ಟು ದಿನ ಕಲಿತ ಮನುಷ್ಯ.

"ಈ ಕಡೆ ಸರ್ಯಾಗದೆ. ಆ ಕಡೆ ಬರ್ದೋನ್ ಯಾರ್ಲಾ?" ಎಂದರು.

ಖಾದರಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಗುವ ಜನರನ್ನು ನೋಡುತ್ತಿದ್ದರು, ಪರದೆಯನ್ನು ನೋಡುತ್ತಿರಲಿಲ್ಲ. ಅದು ನನಗೆ ವಿಚಿತ್ರವೆನಿಸಿತು.

"ಮೂಲೇಲಿ ಎಸ್ರು ಅದೆ, ನೋಡಿ ಗೌಡ್ರೆ," ಎಂದೆ. "ಪೇಂಟರ್ ಜವರಪ್ಪ, ಪಾಂಡವಪುರ. ಬಯ್ಯದಾದ್ರೆ ಅವುನ್ನ ಬಯ್ಯಿ."

ಬೈದರು. ಅವರು ಬಳಸಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ತಪ್ಪು ನಿಜವಾಗಿಯೂ ನನ್ನದೇ ಆಗಿತ್ತು. ಬಟ್ಟೆ ಹಂಚಿದವನು ನಾನು, ನೋಡದೆ ಸುತ್ತಿದವನು ನಾನು. ಅದೇ ಟ್ರಾಕ್ಟರಿನಲ್ಲಿ ಹೋಗಿ ಆಲೆಮನೆಯಿಂದ ಹಳೆಯ ದರ್ಬಾರು ತಂದು ಕಟ್ಟಿದೆ. ಗೌಡರು ಅದರ ಮುಂದೆಯೇ ಹಾಡಿ ಸೈ ಎನಿಸಿಕೊಂಡರು.

ಹಿಂದಿರುಗುವಾಗ ಖಾದರಣ್ಣ ದಾರಿಯುದ್ದಕ್ಕೂ ಒಂದೇ ಮಾತು ಆಡಿದರು: "ಮೊಳೆ ನೀನೇ ಕೆಳಗೆ ಹೊಡ್ದಿರ್ಬೇಕು ಜವರಪ್ಪ."

ಸಿದ್ದರಾಜು ಮದುವೆಯ ಲಾಡು ಕಟ್ಟಿಕೊಂಡು ಬಂದ. ಗೋಡೆಗೆ ತೂಗುಹಾಕಿದ್ದ ಸೊಟ್ಟ ದರ್ಬಾರನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಅವನು ಚಾಚಾ ಎಂದು ಕರೆಯುತ್ತಿದ್ದ ಖಾದರಣ್ಣ ಆ ಹೊತ್ತಿನಲ್ಲಿ ಇರಲಿಲ್ಲ.

"ನಾನಿಲ್ದೆ ಇದ್ದಾಗ ಚಾಚಾಗೆ ಗೆರೆ ಕೆಲ್ಸ ಯಾಕಣ್ಣ ಕೊಟ್ಟೆ?"

"ಅಂದ್ರೆ?"

ಅವನು ತಲೆ ಕೆರೆದುಕೊಂಡ. ಆಮೇಲೆ ಹೇಳಿದ. ಹೋದ ದೀಪಾವಳಿಯಿಂದ ಚಾಚಾಗೆ ದಾರ ಕಾಣುತ್ತಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಅವರು ಸೊಟ್ಟ ಹಾಕಿದ ಗೆರೆಗಳನ್ನೆಲ್ಲ ನಾನು ಆಲೆಮನೆಯಲ್ಲಿ ಇಲ್ಲದಾಗ ಇವನು ಮೆಲ್ಲಗೆ ತಿದ್ದುತ್ತಿದ್ದ. ಚಾಚಾಗೂ ಗೊತ್ತಿಲ್ಲ.

"ನಂಗ್ಯಾಕ್ಲಾ ಯೋಳ್ಲಿಲ್ಲ?"

"ಯೋಳುದ್ರೆ ಚಾಚಾನ ಮನೆಗ್ ಕಳಿಸ್ಬುಡ್ತೀಯ ಅಂತ. ನಿನ್ ನೇಮಾನೂ ಮುರ್ದಿದ್ನಲ್ಲ."

ನಾನು ಕೆಂಪಮ್ಮನ ಕಡೆ ನೋಡಿದೆ. ಅವಳು ಬಾಯಲ್ಲಿದ್ದ ಸೂಜಿ ತೆಗೆದು, "ಕೆಲ್ಸದ್ ಒತ್ನಲ್ಲಿ ನಿನ್ ಮೊಕ ನೋಡ್ಕಂಡಿದ್ದೀಯಾ? ಪೋಲೀಸ್ನೋರ್ ಅಂಗೆ ಇರ್ತದೆ. ಆ ಮೊಕುಕ್ಕೆ ಯಾರ್ ಏನ್ ಯೋಳ್ತಾರೆ?" ಎಂದಳು.

ನನ್ನ ಗುಂಪಿನಲ್ಲಿ ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಒಂದು ಸಂಗತಿ ಗೊತ್ತಿತ್ತು. ಗುಂಪು ನಡೆಸುವವರಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಕೆಲಸ ಕೆಟ್ಟಿದ್ದರೆ ತಿದ್ದಬಹುದು. ಕೆಟ್ಟ ಸುದ್ದಿ ನಮ್ಮ ಹತ್ತಿರ ಬರಲು ಹೆದರಿದರೆ ಯಾವ ಕುಂಚದಿಂದ ತಿದ್ದುತ್ತೀರಿ?

ಖಾದರಣ್ಣನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಬೇಕೆಂದುಕೊಂಡೆ. ಹೇಳಿದೆ. ಬೇರೆ ಯಾರೂ ಇಲ್ಲದಾಗ, ಆಲೆಮನೆಯ ಹಿಂದಿನ ಹುಣಸೆಮರದ ಕೆಳಗೆ. ಸಿದ್ದರಾಜು ತಿದ್ದುತ್ತಿದ್ದ ಮಾತನ್ನೂ ಮುಚ್ಚಿಡಲಿಲ್ಲ. ಅವರು ಎದ್ದು ಒಳಗೆ ಹೋದರು. ಆಮೇಲೆ ತಮ್ಮ ಕುಂಚಗಳನ್ನು ಟವೆಲಿನಲ್ಲಿ ಸುತ್ತಿಕೊಂಡರು.

"ಕಣ್ಣಿಲ್ದೋನು ನಿಂಗ್ಯಾಕಪ್ಪಾ? ಖುದಾ ನಿಂಗೆ ಒಳ್ಳೇದ್ ಮಾಡ್ಲಿ," ಎಂದು ನಾಗಮಂಗಲದ ಬಸ್ಸು ಹತ್ತಿದರು.

ಎಂಟು ದಿನ ಕಾದೆ. ಕೃಷ್ಣರಾಜಪೇಟೆಯವರು ದರ್ಬಾರು ಕೇಳಿಕೊಂಡು ಬಂದರು. ನಾನು ನೆಲ ಬರೆಯಬಲ್ಲೆ, ತೊಲೆ ಬರೆಯಬಲ್ಲೆ. ಖಾದರಣ್ಣನ ಕಂಬ ಮಾತ್ರ ನನ್ನ ಕೈಗೆ ಬರುವುದಿಲ್ಲ. ಅವರ ಕಂಬಕ್ಕೆ ಒಂದು ಕಡೆಯಿಂದ ಬೆಳಕು ಬಿದ್ದು, ಕೈಯಲ್ಲಿ ತಬ್ಬಬಹುದು ಎನ್ನುವ ಹಾಗೆ ದುಂಡಗಾಗುತ್ತಿತ್ತು. ನಾಗಮಂಗಲಕ್ಕೆ ಹೋದೆ.

ಮನೆಯ ಜಗುಲಿಯ ಮೇಲೆ ಕೂತಿದ್ದರು. ನನ್ನ ಧ್ವನಿಯಿಂದಲೇ ಗುರುತು ಹಿಡಿದು ಒಳಗಿನಿಂದ ಚಹಾ ತರಿಸಿದರು. ತಾವೇ ಬಗ್ಗಿಸಿ ಕೊಟ್ಟರು. ಬಗ್ಗಿಸುವಾಗ ಒಂದು ಬೆರಳನ್ನು ಲೋಟದ ಅಂಚಿನೊಳಗೆ ಇಟ್ಟುಕೊಂಡಿದ್ದರು. ಬಿಸಿ ತಾಗಿದಾಗ ನಿಲ್ಲಿಸಿದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಇಬ್ಬರೂ ನಕ್ಕೆವು.

"ಪೊರೆ ತೆಗೆಸ್ಬಾರ್ದಾ ಖಾದರಣ್ಣ? ಅಲ್ಲಲ್ಲಿ ಶಿಬಿರ ಮಾಡ್ತಾವ್ರೆ."

"ಕಣ್ಣು ಕಿತ್ತು, ಒರ್ಸಿ, ತಿರ್ಗ ಇಡ್ತಾರಂತೆ. ಇಡೋವಾಗ ಅದೂ ಸೊಟ್ಟ ಆದ್ರೆ? ಚಿನಕುರಳಿ ದರ್ಬಾರ್ ಥರ?"

"ಸರಿ, ಅದು ಆಮೇಲೆ. ಕೇಆರ್ ಪೇಟೆಗೆ ದರ್ಬಾರು ಆಗ್ಬೇಕು. ಬಾ."

"ಬಂದು ಏನ್ ಮಾಡ್ಲಿ? ದಾರ ಕಾಣಲ್ಲ ನಂಗೆ."

"ಏನ್ ಕಾಣ್ತದೆ?"

ಯೋಚಿಸಿದರು. "ದಪ್ಪ ದಪ್ಪ ಕಾಣ್ತದೆ. ಎಲ್ಲಿ ಬೆಳಕು, ಎಲ್ಲಿ ನೆರಳು, ಅಷ್ಟು."

"ಅಷ್ಟೇ ಬೇಕಾಗಿರೋದು. ನೀನು ಕುರ್ಚಿ ಮೇಲ್ ಕೂತ್ಕಂಡು ಯೋಳು. ನಾನು ಬರೀತೀನಿ."

"ಅರೇ, ಮೇಸ್ತ್ರಿ ನೀನಲ್ವಾ?"

"ಮೇಸ್ತ್ರಿ ಕಂಬ ಬರೀಬಾರ್ದು ಅಂತ ಯಾರ್ ಯೋಳವ್ರೆ? ನಿಂಗೆ ಕಣ್ಣು ಸರಿ ಆಗೋಗಂಟ ನನ್ ಕೈ ಇಟ್ಕೊ."

ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಒಳಗಿದ್ದ ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿ, ಬಟ್ಟೆ ಗಂಟು ಕಟ್ಟಿಸಿದರು.

ಆ ದರ್ಬಾರು ಬರೆದ ದಿನಗಳು ನನ್ನ ಇಡೀ ದುಡಿಮೆಯಲ್ಲೇ ಚೆಂದದವು. ಹದಿನೈದು ಹೆಜ್ಜೆ ದೂರದಲ್ಲಿ ಒಂದು ಮರದ ಕುರ್ಚಿ, ಅದರ ಮೇಲೆ ಖಾದರಣ್ಣ. ಏಣಿಯ ಮೇಲೆ ನಾನು.

"ಬಲಗಡೆ ಕತ್ಲೆ ಸಾಲ್ದು. ಇನ್ನೂ. ಇನ್ನೂ ಹಾಕಪ್ಪಾ, ನಿಮ್ಮಪ್ಪನ ಮನೆ ಬಣ್ಣಾನಾ? ಬಸ್! ಬಸ್ ಅಂದ್ನಲ್ಲ! ಕಿವೀನೂ ಇಲ್ವಾ ನಿಂಗೆ?"

ಕೆಳಗೆ ಸಿದ್ದರಾಜು ಬಣ್ಣ ಕಲಸುತ್ತ ಮುಸಿಮುಸಿ ನಗುತ್ತಿದ್ದ. "ಚಾಚಾ, ಇನ್ನೂ ಬಯ್ಯಿ. ನಮ್ಗೆಲ್ಲ ಅಣ್ಣ ಬಯ್ದಿದ್ದು ಬಡ್ಡಿ ಸೇರ್ಸಿ ತೀರ್ಸ್ಬುಡು." ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು, "ಏನ್ ಜವರಪ್ಪ, ಆಳಾಗ್ಬುಟ್ಟಾ?" ಎಂದು ಕೆಣಕುತ್ತಿದ್ದರು. ಮೊದಲ ದಿನ ಚುಚ್ಚಿತು, ಸುಳ್ಳೇಕೆ ಹೇಳಲಿ. ನಾನು ಅಭಿಮಾನದ ಮನುಷ್ಯ. ಎರಡನೆಯ ದಿನ ಒಂದು ಕಂಬ ದುಂಡಗೆ ಎದ್ದು ನಿಂತಿತು, ನನ್ನದೇ ಕೈಯಿಂದ. ಆಮೇಲೆ ಯಾರು ಏನೆಂದರೂ ಕಿವಿಗೆ ಬೀಳಲಿಲ್ಲ.

ಸಂಜೆ ಎಲ್ಲರ ಕುಂಚಗಳನ್ನೂ ನಾನೇ ತೊಳೆಯಲು ಶುರುಮಾಡಿದ್ದೂ ಆಗಲೇ. ತೊಳೆಯುವ ಕಲ್ಲಿನ ಹತ್ತಿರ ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ಏಣಿಯ ಕೆಳಗೆ ನಿಂತು ಹೇಳಲಾಗದ್ದನ್ನೆಲ್ಲ ಅಲ್ಲಿ ಹೇಳುತ್ತಿದ್ದರು. ಬಗ್ಗಿ ಕುಂಚ ತಿಕ್ಕುವವನ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಕೃಷ್ಣರಾಜಪೇಟೆಯಲ್ಲಿ ಪರದೆ ಇಳಿದಾಗ ಜನ ಎದ್ದು ನಿಂತರು. ಅದರ ಮೂಲೆಯಲ್ಲಿ ಮೊದಲು ಖಾದರಣ್ಣನ ಹೆಸರು, ಆಮೇಲೆ ಸಿದ್ದರಾಜುವಿನದು, ಕೊನೆಯಲ್ಲಿ ನನ್ನದು ಬರೆದಿದ್ದೆ. ನನ್ನ ಹೆಸರು ಜೊತೆಗಿಟ್ಟದ್ದು ಆಚಾರ್ರು ಹೇಳಿದ ವಿಳಾಸಕ್ಕೆ. ಹೆಸರುಗಳನ್ನು ಓದಿ ಹೇಳಿದಾಗ ಖಾದರಣ್ಣ ಸಿದ್ದರಾಜುವಿನ ಭುಜ ಹಿಡಿದುಕೊಂಡು, "ಅಕ್ಷರ ದಪ್ಪಗೆ ಬರ್ದವ್ನಾ?" ಎಂದು ಕೇಳಿದರು. ಅದೇ ತಿಂಗಳು ತಾವಾಗಿಯೇ ಶಿಬಿರಕ್ಕೆ ಹೆಸರು ಕೊಟ್ಟರು.

ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು ಅವರು ಆಲೆಮನೆಗೆ ಬಂದ ದಿನ ನಾವು ಮೂವರೂ ಮಕ್ಕಳ ಹಾಗೆ ಬಾಗಿಲಲ್ಲಿ ನಿಂತಿದ್ದೆವು. ಮೊದಲು ಕೆಂಪಮ್ಮನನ್ನು ನೋಡಿ, "ನಿಂಗೂ ತಲೆ ಬೆಳ್ಳಗಾಯ್ತಾ ತಾಯಿ?" ಎಂದರು. ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು. ಆಮೇಲೆ ಒಳಗೆ ಬಂದು, "ಅದುನ್ನ ಬಿಚ್ಚಿ," ಎಂದರು.

ಯಾವುದೆಂದು ಕೇಳಬೇಕಾಗಿರಲಿಲ್ಲ. ಚಿನಕುರಳಿಯ ದರ್ಬಾರನ್ನು ಸುತ್ತಿ ಅಟ್ಟದ ಮೇಲೆ ಹಾಕಿದ್ದೆ. ಇಳಿಸಿ ಬಿಚ್ಚಿದೆವು. ಅವರು ತಮ್ಮ ಕುರ್ಚಿಯ ಹಿಂದೆ ನಿಂತು ನೋಡಿದರು. ಆಮೇಲೆ ಹತ್ತಿರ ಹೋಗಿ, ಎಡಗಡೆಯ ಗೆರೆಯ ಮೇಲೆ ಬೆರಳಿಟ್ಟು ಸಿಂಹಾಸನದವರೆಗೆ ಎಳೆದರು. ಬಲಗಡೆಯ ಗೆರೆಯನ್ನೂ ಹಾಗೆಯೇ ಎಳೆದರು. ಬೆರಳು ಎರಡು ಗೇಣು ಕೆಳಗೆ ಹೋಗಿ ನಿಂತಿತು.

"ಯಾ ಅಲ್ಲಾ," ಎಂದರು. ಆಮೇಲೆ ಮೂಲೆಗೆ ಬಗ್ಗಿ ನನ್ನ ಹೆಸರು ಓದಿದರು. "ಇದ್ಯಾಕೆ ನಿನ್ನೊಬ್ಬುಂದೇ ಇದೆ?"

"ಅದು ನಂದೇ ತಪ್ಪು. ನೋಡ್ದೆ ಸುತ್ಬುಟ್ಟೆ."

"ನೋಡ್ದೆ ಇದ್ದುದ್ದು ನಿಂದು. ಗೆರೆ ನಂದು. ಒಳ್ಳೇದಕ್ಕೆ ನನ್ ಹೆಸ್ರು ಮೊದ್ಲು ಹಾಕಿ, ಸೊಟ್ಟಕ್ಕೆ ಬಿಟ್ಬಿಟ್ರೆ ಹೆಂಗಪ್ಪಾ? ನಾನೇನು ನಿನ್ನ ನೆಂಟನಾ?"

ಟವೆಲಿನಿಂದ ತಮ್ಮ ಚಿನ್ನದ ಗೆರೆಯ ಕುಂಚ ತೆಗೆದರು. ಯಾರ ಸಹಾಯವೂ ಇಲ್ಲದೆ, ನೆಲದ ಮೇಲೆ ಕುಳಿತು, ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದರು. ಗೆರೆ ಎಳೆದಷ್ಟು ನೆಟ್ಟಗಿತ್ತು. ಸಿದ್ದರಾಜು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಚಾಚಾ, ನಂದೂ ಬರಿ."

"ನೀನ್ ಆವತ್ತು ಇರ್ಲೇ ಇಲ್ವಲ್ಲೋ, ಮದುವೆ ಊಟ ಹೊಡೀತಿದ್ದೆ!"

"ಅದ್ಕೇ ಕಣ್ ಚಾಚಾ. ನಾನ್ ಬಾಯ್ಬುಟ್ಟಿದ್ರೆ ಇಂಗ್ ಆಗ್ತಿತ್ತಾ?"

ಅದನ್ನೂ ಬರೆದರು.

ಆಮೇಲೆ ಆರೇಳು ವರ್ಷ ನಾವು ಹಾಗೆಯೇ ಬರೆದೆವು. ಪುಡಿ ಬಣ್ಣ ಹೋಗಿ ಡಬ್ಬದ ಬಣ್ಣ ಬಂತು. ಡಬ್ಬದ ಬಣ್ಣವೂ ಹೋಗಿ ಮಷೀನಿನಲ್ಲಿ ಅಚ್ಚಾದ ಪರದೆಗಳು ಬಂದವು. ಅವುಗಳ ಗೆರೆ ತಪ್ಪುವುದಿಲ್ಲ, ಮೂಲೆಯಲ್ಲಿ ಹೆಸರೂ ಇರುವುದಿಲ್ಲ. ಸಿದ್ದರಾಜು ಈಗ ಶಾಲೆಗಳ ಗೋಡೆಗೆ ಕಾಡು ಬರೆಯುತ್ತಾನೆ, ತನ್ನದೇ ಗುಂಪು ಕಟ್ಟಿದ್ದಾನೆ. ಸಂಜೆ ಕುಂಚ ಅವನೇ ತೊಳೆಯುತ್ತಾನಂತೆ. ಖಾದರಣ್ಣ ಹೋಗಿ ಬಹಳ ವರ್ಷವಾಯಿತು. ಮಣ್ಣಿಗೆ ನಾನೂ ಹೆಗಲು ಕೊಟ್ಟೆ.

ಆಲೆಮನೆ ಬಿಟ್ಟುಕೊಟ್ಟಾಗ ಪರದೆಗಳನ್ನೆಲ್ಲ ಮಾರಿದೆ. ಕೃಷ್ಣರಾಜಪೇಟೆಯ ದರ್ಬಾರನ್ನೂ ಮಾರಿದೆ. ಈಗ ನನ್ನ ಹತ್ತಿರ ಉಳಿದಿರುವುದು ಇಷ್ಟು: ಬಣ್ಣ ಬರೆಯಲು ಬಾರದಷ್ಟು ಸವೆದ ಕುಂಚ ನಾಲ್ಕು. ಮರದ ಕುರ್ಚಿ ಒಂದು, ಅದರಲ್ಲಿ ಈಗ ಕೆಂಪಮ್ಮ ಕೂರುತ್ತಾಳೆ. ಮೊಳೆ ಒಂದು. ಸೊಟ್ಟ ದರ್ಬಾರು ಒಂದು. ಅದರ ಮೂಲೆಯಲ್ಲಿ ಹೆಸರು ಮೂರು.